ಎಡಬದಿಯ ಕುರ್ಚಿ

ಜನವರಿ 9

ಪ್ರೀತಿಯ ಅಳತೆಪಟ್ಟಿಗೆ,

ಇನ್ನು ಮೇಲೆ ನನಗೆ ಫೋನ್ ಮಾಡಬೇಡ. ಕೋಪದಿಂದ ಹೇಳುತ್ತಿಲ್ಲ, ಕೋಪ ಬಂದಿದ್ದರೆ ಅದು ಫೋನಿನಲ್ಲೇ ನಿನಗೆ ಗೊತ್ತಾಗುತ್ತಿತ್ತು. ಕಾರಣ ಇಷ್ಟೆ: ಮಾತಿನ ನಡುವೆ ಒಂದು ಪದ ಸಿಗದೆ ನಾನು ನಿಂತರೆ ಸಾಕು, ನೀನೇ ಒಂದನ್ನು ತಂದು ನನ್ನ ಬಾಯಿಗೆ ತುರುಕುತ್ತೀಯ. ಹೋದ ಭಾನುವಾರ "ಮೊನ್ನೆ ನಾನು ಆ..." ಎಂದು ನಿಂತೆ. ನೀನು "ಆಸ್ಪತ್ರೆಗೆ ಹೋಗಿದ್ಯಾ?" ಎಂದೆ. ನಾನು ಹೇಳಹೊರಟದ್ದು ಕಳೆದುಹೋಗಿದ್ದ ನೀಲಿ ಕೊಡೆ ಸಿಕ್ಕಿತು ಎಂದು. ಆಮೇಲೆ ಕೊಡೆಯ ಸುದ್ದಿ ತೆಗೆಯಲು ನನಗೇ ಸಂಕೋಚವಾಗಿ, "ಹೂಂ, ಹೋಗಿದ್ದೆ" ಎಂದುಬಿಟ್ಟೆ. ಸುಳ್ಳು. ಹೋಗಿರಲಿಲ್ಲ.

ಅದಕ್ಕೇ ಈ ಕಾಗದ. ಇಲ್ಲಿ ಒಂದು ಪದಕ್ಕಾಗಿ ಅರ್ಧ ಗಂಟೆ ಕೂತರೂ ನಡುವೆ ಬಾಯಿ ಹಾಕುವವರಿಲ್ಲ. ಹತ್ತೊಂಬತ್ತು ವರ್ಷ ನಾಟಕ ಕಂಪನಿಯ ಪ್ರಾಂಪ್ಟರ್ ಆಗಿ, ರಂಗದ ಎಡಬದಿಯ ಪರದೆಯ ಮರೆಯಲ್ಲಿ ಕುರ್ಚಿ ಹಾಕಿಕೊಂಡು, ಮಾತು ಮರೆತ ನಟರಿಗೆಲ್ಲ ಮಾತು ಕೊಟ್ಟವಳು ನಾನು. ಕೊನೆಗೆ ಸೇತುವೆಯ ಬಿರುಕು ಅಳೆಯುವ ತಮ್ಮನ ಹತ್ತಿರ ಮಾತು ಎರವಲು ಪಡೆಯಬೇಕೇ?

ನನ್ನ ಕಾಯಿಲೆಯ ಕಥೆ ನಿನಗೆ ಗೊತ್ತೇ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ನನ್ನ ನರಗಳಿಗೆ ಅಂಟಿಕೊಂಡು ಎಂಟು ವರ್ಷವಾಯಿತು. ಮೊದಲು ಒಂದು ಕಣ್ಣು ಮಂಜಾಯಿತು, ಆಮೇಲೆ ಕಾಲು ಜೋಮು ಹಿಡಿಯಿತು. ಕಾಲಿಗೆ ಕೋಲು ಸಿಕ್ಕಿತು, ಹೊಂದಿಕೊಂಡೆ. ಈಗ ಅದು ತಲೆಯ ವೇಗಕ್ಕೆ ಕೈ ಹಾಕಿದೆ. ಗೊತ್ತಿರುವುದೇ, ಆದರೆ ತಡವಾಗಿ ಹೊಳೆಯುತ್ತದೆ. ತಲೆಗೆ ಕೋಲು ಎಲ್ಲಿಂದ ತರುವುದು? ಅದನ್ನು ಹುಡುಕಿಕೊಂಡು ವಾರಕ್ಕೆ ಮೂರು ದಿನ ಪುನಶ್ಚೇತನ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಒಬ್ಬ ತರಬೇತುದಾರಳಿದ್ದಾಳೆ; ಬರೀ ಅಂಕಿ ಕೂಡಿಸುವುದನ್ನೇ ಕೊಡುತ್ತಾಳೆಂದು ನಾನು ಅವಳಿಗೆ ಲೆಕ್ಕದ ಮೇಡಂ ಎಂದು ಹೆಸರಿಟ್ಟಿದ್ದೇನೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನಮ್ಮಜ್ಜಿಗಿಂತ ಗಟ್ಟಿ.

ಕಂಪನಿಯಲ್ಲಿ ಸದ್ಯಕ್ಕೆ ಉಡುಪಿನ ಕೋಣೆಯಲ್ಲಿದ್ದೇನೆ. ಯಜಮಾನರು, "ಸೀಸನ್ ಹಗುರ ಇದೆ, ಸ್ವಲ್ಪ ದಿನ ಬಟ್ಟೆ ನೋಡ್ಕೊಳ್ಳಿ" ಎಂದರು. ನನ್ನ ಕುರ್ಚಿಯಲ್ಲಿ ಟಿಕೆಟ್ ಕೌಂಟರಿನವನು ಕೂತು ಆಕಳಿಸುತ್ತಿದ್ದಾನೆ. ನಾನು ನಮ್ಮ ಹಿರಿಯ ನಟಿಯ ನಿಲುವಂಗಿಗೆ ಹುಕ್ಕು ಹೊಲಿಯುತ್ತಿದ್ದೇನೆ. ಆಕೆಯನ್ನು ಎಲ್ಲರೂ ಮಹಾರಾಣಿ ಎನ್ನುವುದು. ಆಕೆ ಚಹಾ ಕೇಳಿದರೂ ಅಪ್ಪಣೆ ಕೊಟ್ಟ ಹಾಗಿರುತ್ತದೆ.

ಜೂನ್‌ನಲ್ಲಿ ಹೊಸ ನಾಟಕ ಶುರುವಾಗುತ್ತದೆ. ಅಷ್ಟರೊಳಗೆ ನನ್ನ ಕುರ್ಚಿ ನನಗೆ ಬೇಕು. ಬೇರೆ ಏನೂ ಬೇಡ. ಪುಟ್ಟಿಗೆ ಅತ್ತೆಯ ಮುತ್ತು.

ನಿನ್ನ ಅಕ್ಕ

*

ಜನವರಿ 21

ಅಕ್ಕನಿಗೆ ನಮಸ್ಕಾರ.

ಕಾಗದ ಬರೆಯುವ ಅಭ್ಯಾಸ ತಪ್ಪಿದೆ. ವರದಿ ಬರೆದು ಬರೆದು ಕೈಯೂ ಹಾಗೇ ಆಗಿದೆ. ಎಲ್ಲಾದರೂ 'ಮೇಲ್ಕಂಡ' ಎಂದು ಬಂದರೆ ಹೊಟ್ಟೆಗೆ ಹಾಕಿಕೋ.

ಈ ತಿಂಗಳು ಒಂದು ಹಳೇ ಸೇತುವೆ. ನಲವತ್ತೆರಡು ಕಂಬ. ದೋಣಿಯಲ್ಲಿ ಒಂದೊಂದರ ಬುಡಕ್ಕೂ ಹೋಗಿ ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತೇನೆ. ಹದಿನೇಳನೆಯದು ಟೊಳ್ಳು ಸದ್ದು ಕೊಟ್ಟಿತು. ಅವತ್ತೇ ಲಾರಿ ಓಡಾಟ ನಿಲ್ಲಿಸಿದೆ. ಸುತ್ತು ದಾರಿಯಲ್ಲಿ ಹೋಗುವ ಲಾರಿಯವರು ನನ್ನ ಮೂರು ತಲೆಮಾರನ್ನು ನೆನೆಯುತ್ತಿದ್ದಾರೆ. ನೆನೆಯಲಿ. ಬಿದ್ದ ಮೇಲೆ ಅಳುವುದಕ್ಕಿಂತ ಬೈಸಿಕೊಳ್ಳುವುದು ಮೇಲು.

ಉಡುಪಿನ ಕೋಣೆ ಒಳ್ಳೆಯದೇ ಅಕ್ಕ. ಕೂತು ಮಾಡುವ ಕೆಲಸ, ಗಡಿಬಿಡಿಯಿಲ್ಲ. ಅಲ್ಲೇ ಇದ್ದರೆ ಏನು ತಪ್ಪು? ಜೂನ್ ಎಂದು ಗಡುವು ಹಾಕಿಕೊಳ್ಳಬೇಡ. ಮಹಾರಾಣಿಯ ಮೌನದ ವಿಷಯವನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹತ್ತೊಂಬತ್ತು ವರ್ಷದಲ್ಲಿ ಒಂದು ಎಡವಟ್ಟು ಯಾರಿಗಾದರೂ ಆಗುತ್ತದೆ. ನಿನ್ನ ಕಾಯಿಲೆಗೆ ಬಿಸಿ ಆಗದು: ಬಿಸಿಲಿಗೆ ಹೋಗಬೇಡ, ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಸ್ನಾನ ಮಾಡಬೇಡ, ಹೊತ್ತು ಹೊತ್ತಿಗೆ ಮಲಗು.

ಪುಟ್ಟಿ ನಿನಗೆ ಒಂದು ಚಿತ್ರ ಬರೆದಿದ್ದಾಳೆ. ಅದು ನೀನಂತೆ. ನನಗೆ ಟೀಪಾಟಿನ ಹಾಗೆ ಕಂಡಿತು.

ನಿನ್ನ ತಮ್ಮ

*

ಫೆಬ್ರವರಿ 3

ಅಳತೆಪಟ್ಟೀ,

ಅದು ನಾನೇ. ಕೋಲು ಹಿಡಿದಿದ್ದೇನೆ, ನೀನು ಅದನ್ನು ಟೀಪಾಟಿನ ಮೂತಿ ಅಂದುಕೊಂಡೆ. ಗೋಡೆಗೆ ಅಂಟಿಸಿದ್ದೇನೆ.

ಲೆಕ್ಕದ ಮೇಡಂ ಮೊದಲ ದೊಡ್ಡ ಪರೀಕ್ಷೆ ಮಾಡಿದಳು. ಒಂದು ದನಿ ಮೂರು ಸೆಕೆಂಡಿಗೊಂದು ಅಂಕಿ ಹೇಳುತ್ತದೆ. ಪ್ರತಿ ಹೊಸ ಅಂಕಿಯನ್ನು ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ಐದು, ಮೂರು ಬಂದರೆ ಎಂಟು. ಆಮೇಲೆ ಏಳು ಬಂದರೆ ಹತ್ತು, ಹದಿನೈದಲ್ಲ. ತಾನು ಹೇಳಿದ ಉತ್ತರವನ್ನು ಮರೆತು ಕೇಳಿದ ಅಂಕಿಯನ್ನು ಹಿಡಿದಿಟ್ಟುಕೊಳ್ಳಬೇಕು. ಪ್ರಾಂಪ್ಟರನ ಕೆಲಸವೂ ಇದೇ: ಕಿವಿ ಈ ಸಾಲಿನಲ್ಲಿ, ಕಣ್ಣು ಮುಂದಿನ ಸಾಲಿನಲ್ಲಿ. ಅರವತ್ತರಲ್ಲಿ ಹತ್ತೊಂಬತ್ತು ಬಂತು. ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. "ಅತ್ತಿದ್ದು ಆಯ್ತಾ? ಬನ್ನಿ, ಇನ್ನೊಂದು ಸಲ ಮಾಡೋಣ" ಎಂದಳು. ಆ ಕ್ಷಣ ಅವಳ ಜುಟ್ಟು ಹಿಡಿದು ಎಳೆಯಬೇಕೆನಿಸಿತು.

ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದಳು. ಮಿದುಳಿನಲ್ಲಿ ಕಲೆಯಾದ ಜಾಗ ವ್ಯಾಯಾಮದಿಂದ ವಾಸಿಯಾಗುವುದಿಲ್ಲವಂತೆ, ಆ ಭ್ರಮೆ ಬೇಡವಂತೆ. ಆದರೆ ಪಕ್ಕದ ಜಾಗಗಳಿಗೆ ಆ ಕೆಲಸ ಕಲಿಸಬಹುದು, ಅವು ಕಲಿಯುತ್ತವೆ, ಈ ವಯಸ್ಸಿನಲ್ಲೂ. ನನಗೆ ಕೂಡಲೇ ಅರ್ಥವಾಯಿತು. ನಾಯಕಿಗೆ ಜ್ವರ ಬಂದರೆ ಕಂಪನಿ ಆಟ ನಿಲ್ಲಿಸುತ್ತದೆಯೇ? ಸಖಿಯ ಪಾತ್ರದವಳಿಗೆ ರಾತ್ರೋರಾತ್ರಿ ಮಾತು ಕಲಿಸುತ್ತದೆ. ಅವಳು ಎಡವುತ್ತಾಳೆ, ಬೆವರುತ್ತಾಳೆ, ಹತ್ತನೇ ಆಟಕ್ಕೆ ನಡೆಸಿಕೊಂಡು ಹೋಗುತ್ತಾಳೆ. ಹಾಗಿದ್ದರೆ ನನ್ನ ತಲೆಯೊಳಗಿನ ಸಖಿಯರಿಗೆಲ್ಲ ಈಗ ತಾಲೀಮು ನಡೆಯುತ್ತಿದೆ.

ಇನ್ನೊಂದು ಪಾಠವಿದೆ. ಯಾವುದಾದರೂ ಕಾಗದವನ್ನು ಒಮ್ಮೆ ಓದಿ ಮಡಚಿಟ್ಟು, ಅದರಲ್ಲಿರುವುದನ್ನು ಕಣ್ಣಮುಂದೆ ಚಿತ್ರ ಕಟ್ಟಿಕೊಂಡು, ಮರುದಿನ ಅವಳಿಗೆ ಹೇಳಬೇಕು. ನಿನ್ನ ಕಾಗದವನ್ನೇ ತೆಗೆದುಕೊಂಡಿದ್ದೇನೆ. ಮೊದಲ ದಿನ ದೋಣಿ, ಸುತ್ತಿಗೆ ಎರಡೇ ಉಳಿದಿದ್ದವು. ನಿನ್ನೆ ಲಾರಿಯವರೂ ಬಂದು ಸೇರಿದರು. ದಿನಕ್ಕೊಂದು ಚೂರು ಹೆಚ್ಚುತ್ತಿದೆ. ನಿನ್ನ ವರದಿ ಮೊದಲ ಸಲ ಯಾರಿಗಾದರೂ ಉಪಯೋಗಕ್ಕೆ ಬಂತು ನೋಡು.

ಅಕ್ಕ

*

ಫೆಬ್ರವರಿ 12

ಅಕ್ಕ,

ನೀನು ಉತ್ಸಾಹದಿಂದ ಇರುವುದು ಸಂತೋಷ. ಆದರೂ ಒಂದು ಮಾತು. ಇಪ್ಪತ್ತು ವರ್ಷದಲ್ಲಿ ಬಿರುಕು ತಾನಾಗಿ ಕೂಡಿಕೊಂಡದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಆಸೆ ಇಟ್ಟುಕೋ, ಅದರ ಮೇಲೆ ಪೂರ್ತಿ ಭಾರ ಹಾಕಬೇಡ. ಉಡುಪಿನ ಕೋಣೆಯ ಕೆಲಸವನ್ನೇ ಕಾಯಂ ಮಾಡಿಕೊಡಿ ಎಂದು ಯಜಮಾನರನ್ನು ಕೇಳಿ ನೋಡು. ಇಲ್ಲ ಎನ್ನಲಾರರು.

ತಮ್ಮ

*

ಫೆಬ್ರವರಿ 20

ನಿನ್ನ ಜನವರಿಯ ಕಾಗದ ನಿನ್ನೆ ನನಗೆ ಪೂರ್ತಿ ಬಾಯಿಗೆ ಬಂತು. ದೋಣಿ, ಸುತ್ತಿಗೆ, ಹದಿನೇಳನೇ ಕಂಬ, ಲಾರಿ, ಉಡುಪಿನ ಕೋಣೆ, ಜೂನ್, ಮಹಾರಾಣಿಯ ಮೌನ. ಅಲ್ಲಿ ನಿಂತೆ. ಮೇಡಂ, "ಆಮೇಲೆ?" ಎಂದಳು. ಆಮೇಲೆ ಏನೂ ಇಲ್ಲ. ಆ ಮೌನದ ವಿಷಯ ನಾನು ನಿನಗೆ ಬರೆದೇ ಇರಲಿಲ್ಲ.

ನಾಚಿಕೆಯಿಂದ ಬರೆದಿರಲಿಲ್ಲ. ಈಗ ಬರೆಯುತ್ತೇನೆ, ಕೇಳು. ಡಿಸೆಂಬರ್ ಮೊದಲ ವಾರದ ಆಟ. ರಾಣಿಗೆ ಮಗ ಸತ್ತ ಸುದ್ದಿ ಬರುತ್ತದೆ. ಆಕೆ ಏನೂ ಮಾತಾಡದೆ ನಿಲ್ಲುತ್ತಾಳೆ. ಆ ಮೌನಕ್ಕಾಗಿಯೇ ಜನ ಎರಡೆರಡು ಸಲ ಟಿಕೆಟ್ ತೆಗೆದುಕೊಂಡು ಬರುತ್ತಾರೆ. ನನಗೆ ಅವತ್ತು ಅದು ಮೌನವೋ ಮರೆವೋ ಗೊತ್ತಾಗಲಿಲ್ಲ. ತಲೆ ತಡವಾಯಿತು, ಗಾಬರಿ ಬೇಗ ಬಂತು. ಮುಂದಿನ ಮಾತನ್ನು ಜೋರಾಗಿ ಎಸೆದೆ. ಇಡೀ ಸಭೆಗೆ ಕೇಳಿಸಿತು. ಮಗ ಸತ್ತ ಕಡೆ ಜನ ನಕ್ಕರು.

ಇದನ್ನು ನಿನಗೆ ಹೇಳಿದವರು ಯಾರು? ಇವತ್ತು ನೇರ ಯಜಮಾನರ ಕೋಣೆಗೆ ಹೋದೆ. ಅವರು ಮೊದಲು ಕೆಮ್ಮಿದರು. ಆಮೇಲೆ, "ನಿಮಗೇನಾಗಿದೆ ಅಂತ ಕೇಳೋಕೆ ನಾನೇ ಫೋನ್ ಮಾಡಿದ್ದೆ ಕಣಮ್ಮ, ಅವರು ಉತ್ತರ ಬರೆದ್ರು" ಎಂದು ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟರು. ಡಿಸೆಂಬರ್ 11. ಒಮ್ಮೆ ಓದಿ ಮಡಚಿಟ್ಟು ಬಂದೆ. ಪಾಠ ಚೆನ್ನಾಗಿಯೇ ಆಗಿದೆ, ಒಂದಕ್ಷರವೂ ಬಿಡದೆ ನೆನಪಿದೆ: "ಮೇಲ್ಕಂಡ ಲಕ್ಷಣಗಳು ಮುಂದೆ ಹೆಚ್ಚುವ ಸಂಭವವಿರುವುದರಿಂದ ಅಕ್ಕನ ಮೇಲಿನ ಭಾರ ಇಳಿಸುವುದು ಸೂಕ್ತ. ಆಕೆಯನ್ನು ಪ್ರಾಂಪ್ಟರ್ ಕೆಲಸದಿಂದ ಬಿಡಿಸಿ. ನಾನು ಬರೆದದ್ದು ಆಕೆಗೆ ತಿಳಿಯದಿರಲಿ."

ಯಜಮಾನರು ಒಂದು ಎಡವಟ್ಟಿಗೆ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಿರಲಿಲ್ಲ. ಎಬ್ಬಿಸಿದವನು ನೀನು. ಎರಡು ತಿಂಗಳಿಂದ ನಾನು ನನ್ನ ತಲೆಯನ್ನೇ ಶಪಿಸಿಕೊಂಡಿದ್ದೆ.

ನಾನು ನಿನ್ನ ಸೇತುವೆಯಲ್ಲ. ಬರೆಯಬೇಡ.

*

ಮಾರ್ಚ್ 2

ಅಕ್ಕ,

ತಪ್ಪಾಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ನವೆಂಬರಿನಲ್ಲಿ ಫೋನಿನಲ್ಲಿ ನೀನು ಪುಟ್ಟಿಯ ಹೆಸರಿಗಾಗಿ ತಡಕಾಡಿದ್ದು ನಿನಗೆ ನೆನಪಿದೆಯೋ ಇಲ್ಲವೋ. ಅವಳಿಗೆ ಹೆಸರಿಟ್ಟವಳೇ ನೀನು. ನಾನು ಬೇಗನೆ ಹೆಸರು ಹೇಳಿ ನಕ್ಕುಬಿಟ್ಟೆ. ಆಮೇಲೆ ಯಜಮಾನರ ಫೋನ್ ಬಂತು. ನೂರಾರು ಜನರ ಎದುರು ನೀನು ಇನ್ನೊಮ್ಮೆ ನಗೆಪಾಟಲಾಗುವುದನ್ನು ನೆನೆದು ಸಹಿಸಲಾಗಲಿಲ್ಲ. ನನಗೆ ಗೊತ್ತಿರುವುದು ಒಂದೇ ಕೆಲಸ: ಬಿರುಕು ಕಂಡರೆ ಓಡಾಟ ನಿಲ್ಲಿಸುವುದು. ಅದನ್ನೇ ಮಾಡಿದೆ.

ಯಜಮಾನರಿಗೆ ಇವತ್ತೇ ಇನ್ನೊಂದು ಕಾಗದ ಹಾಕಿದ್ದೇನೆ: ನನ್ನ ಮಾತು ವಾಪಸು, ಅಕ್ಕನ ಕೆಲಸದ ವಿಷಯ ಅಕ್ಕನನ್ನೇ ಕೇಳಿ ಎಂದು. ಅದರ ಪ್ರತಿ ಇದರ ಜೊತೆ ಇದೆ.

ತಮ್ಮ

*

ಮಾರ್ಚ್ 29

ಅಕ್ಕ, ಹೋದ ಕಾಗದ ತಲುಪಿತೇ? ಬೈದಾದರೂ ಎರಡು ಸಾಲು ಬರೆ.

*

ಏಪ್ರಿಲ್ 24

ಅಕ್ಕ,

ಎರಡು ತಿಂಗಳಾಯಿತು. ಕೋಪ ಎಂದುಕೊಂಡಿದ್ದೆ. ಈಗ ಬೇರೆ ಭಯ. ಕೈ ಬರೆಯುತ್ತಿದೆಯೇ? ಕಣ್ಣು ಮತ್ತೆ ಮಂಜಾಯಿತೇ? ನೀನು ಹೇಳಲಾರದೆ ಸುಮ್ಮನಿದ್ದೀಯ ಎಂದು ಮನಸ್ಸು ಹೇಳುತ್ತಿದೆ. ಹತ್ತು ದಿನದೊಳಗೆ ಉತ್ತರ ಬರದಿದ್ದರೆ ನಿನ್ನ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಬೇಕಾದರೆ ಜನ್ಮವಿಡೀ ಮಾತಾಡಿಸಬೇಡ.

ತಮ್ಮ

*

ಮೇ 4

ಎಲಾ ಇವನ,

ಡಾಕ್ಟರಿಗೆ ಫೋನ್ ಮಾಡಿದರೆ ಜೋಕೆ. ಕೈ ಬರೆಯುತ್ತಿದೆ, ಕಣ್ಣು ಕಾಣುತ್ತಿದೆ. ನಾನು ಬರೆಯಲಾರದೆ ಸುಮ್ಮನಿದ್ದದ್ದಲ್ಲ, ಬರೆಯಬಾರದೆಂದು ಸುಮ್ಮನಿದ್ದೆ. ನೀನೂ ನೋಡು, ನಾನು ಡಿಸೆಂಬರಿನಲ್ಲಿ ಮಾಡಿದ್ದನ್ನೇ ಮಾಡಿದೆ: ಬೇಕೆಂದೇ ಇದ್ದ ಮೌನವನ್ನು ಕೈಲಾಗದ್ದೆಂದುಕೊಂಡೆ. ಅದನ್ನು ಓದಿದಾಗಲೇ ನನ್ನ ಅರ್ಧ ಕೋಪ ಇಳಿದದ್ದು. ಇನ್ನರ್ಧ ಇದೆ, ಕಾಪಾಡಿಕೊಂಡಿದ್ದೇನೆ.

ಈ ಎರಡು ತಿಂಗಳು ಏನು ಮಾಡಿದೆ ಕೇಳು. ದಿನಾ ಬೆಳಿಗ್ಗೆ ನಲವತ್ತು ನಿಮಿಷ ಅಂಕಿ, ಇಪ್ಪತ್ತು ನಿಮಿಷ ಕಥೆ, ಒಂದು ಗಂಟೆ ನಿದ್ದೆ. ನಿದ್ದೆಯೂ ಪಾಠದಲ್ಲೇ ಸೇರಿದೆ. ದಣಿದ ತಲೆಗೆ ಏನು ಕಲಿಸಿದರೂ ಹತ್ತುವುದಿಲ್ಲವೆಂದು ಮೇಡಂ ಗಡಿಯಾರ ನೋಡಿ ಮಲಗಿಸುತ್ತಾಳೆ. ಮಾರ್ಚ್‌ನಲ್ಲಿ ಒಂದು ವಾರ ಸೆಖೆಗೆ ಇದ್ದದ್ದೂ ಹೋಯಿತು. ಹದಿನಾಲ್ಕಕ್ಕೆ ಇಳಿದೆ. ಬಿಟ್ಟುಬಿಡೋಣ ಎಂದೆ. ಅವಳು ಫ್ಯಾನು ತಿರುಗಿಸಿ, "ಸೆಖೆ ಹೋಗುತ್ತೆ, ನೀವು ಹೋಗ್ಬೇಡಿ" ಎಂದಳು. ಹೋದ ವಾರ ನಲವತ್ತೊಂದು ಬಂತು. ಅರವತ್ತಕ್ಕೆ ನಲವತ್ತೊಂದು! ಪುಟ್ಟಿಗೆ ಹೇಳು, ಅತ್ತೆ ಪಾಸು.

ಆದರೆ ಅಂಕಿ ಗೆದ್ದರೆ ಕುರ್ಚಿ ಗೆದ್ದಂತಲ್ಲ. ಮೌನಕ್ಕೂ ಮರೆವಿಗೂ ವ್ಯತ್ಯಾಸ ಹಿಡಿಯುವುದು ಹೇಗೆ? ಮೊದಲು ಅದು ತಾನಾಗಿ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತಿತ್ತು ಎಂದು ನಾನು ಯೋಚಿಸಿದವಳೇ ಅಲ್ಲ. ಉತ್ತರ ಸಿಕ್ಕಿದ್ದು ಉಡುಪಿನ ಕೋಣೆಯಲ್ಲಿ. ಹೊಸ ನಾಟಕದ ನಿಲುವಂಗಿಗೆ ಬೆನ್ನಿನಲ್ಲಿ ಇಪ್ಪತ್ತೆರಡು ಹುಕ್ಕು. ನಾನು ಹಾಕುತ್ತಿರುವಾಗ ಮಹಾರಾಣಿ ಸುಮ್ಮನೆ ನಿಲ್ಲುವವರಲ್ಲ, ಮಾತು ಒಪ್ಪಿಸುತ್ತಲೇ ಇರುತ್ತಾರೆ. ಒಂದು ದಿನ ಗಮನಿಸಿದೆ. ಬೇಕೆಂದು ನಿಲ್ಲಿಸಿದಾಗ ಎದೆಯಲ್ಲಿ ಉಸಿರು ತುಂಬಿರುತ್ತದೆ, ಬೆನ್ನು ಬಿಗಿದಿರುತ್ತದೆ, ಹುಕ್ಕು ಎಷ್ಟು ಎಳೆದರೂ ಸೇರುವುದಿಲ್ಲ. ಮಾತು ಮರೆತು ನಿಂತಾಗ ಉಸಿರು ಜಾರಿ ಹೋಗುತ್ತದೆ, ಬಟ್ಟೆ ಸಡಿಲವಾಗುತ್ತದೆ, ಹುಕ್ಕು ಸಲೀಸಾಗಿ ಕೂರುತ್ತದೆ. ಇಷ್ಟು ವರ್ಷ ನಾನು ಎಡಬದಿಯಿಂದ ನೋಡುತ್ತಿದ್ದದ್ದು ಅದನ್ನೇ ಕಣೋ, ಭುಜ ಇಳಿಯುವುದನ್ನು! ಕಳೆದುಹೋಗಿದ್ದನ್ನು ಬೆರಳಿನಿಂದ ಮತ್ತೆ ಕಲಿತೆ.

ಮೇಡಂಗೆ ಹೇಳಿದೆ. ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಅವತ್ತಿನಿಂದ ಅಂಕಿ ಪಾಠದ ಜೊತೆ ಉಸಿರಿನ ಪಾಠ. ಕೇಂದ್ರದ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿ ಪದ್ಯ ಹೇಳಿಸಿ ಭುಜ ನೋಡುವುದು. ಅಡುಗೆಯವನಿಗೆ ಒಂದು ಪದ್ಯವೂ ಬರುವುದಿಲ್ಲ, ಅವನೇ ನನ್ನ ಅತ್ಯುತ್ತಮ ಮರೆವು.

ನೀನು ನನ್ನನ್ನು ಆ ಕೋಣೆಗೆ ತಳ್ಳಿದ್ದರಿಂದ ಇದು ಸಿಕ್ಕಿತು ಎಂದು ಬೀಗಬೇಡ. ತಳ್ಳಿದವನಿಗೆ ಕೃತಜ್ಞತೆ ಹೇಳುವ ವಂಶ ನಮ್ಮದಲ್ಲ.

ಯಜಮಾನರನ್ನು ಕೇಳಿದೆ. "ಅಮ್ಮಾವ್ರು ಒಪ್ಪಿದ್ರೆ ನೋಡೋಣ" ಎಂದು ಮಹಾರಾಣಿಯ ಕಡೆ ಕೈ ತೋರಿಸಿದರು. ಮಹಾರಾಣಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಪ್ಪತ್ತನೇ ತಾರೀಕು ತಾಲೀಮಿಗೆ ಕೂತ್ಕೋ, ನಾನೇ ಪರೀಕ್ಷೆ ಮಾಡ್ತೀನಿ" ಎಂದರು.

ಅಕ್ಕ

*

ಮೇ 11

ಅಕ್ಕ,

ನಿನ್ನ ಕಾಗದವನ್ನು ದೋಣಿಯಲ್ಲೇ ಓದಿದೆ. ಅಂಬಿಗ "ಯಾಕೆ ಸಾರ್, ಮನೇಲಿ ಏನಾದ್ರೂ ಆಯ್ತಾ?" ಎಂದ. "ಆಯ್ತು, ಒಳ್ಳೇದೇ ಆಯ್ತು" ಎಂದೆ.

ಈ ಕಾಗದದಲ್ಲಿ ಸಲಹೆ ಒಂದೂ ಇಲ್ಲ. ಮೂರು ಬರೆದಿದ್ದೆ, ಹರಿದು ಹಾಕಿ ಇದನ್ನು ಬರೆದೆ.

ತಮ್ಮ

*

ಮೇ 23

ಅಳತೆಪಟ್ಟೀ,

ಕೇಳು, ನಿಧಾನವಾಗಿ ಹೇಳುತ್ತೇನೆ, ನನಗೂ ಇನ್ನೊಮ್ಮೆ ಸವಿಯಬೇಕು.

ಮಹಾರಾಣಿ ಒಂದು ಚೀಟಿ ಬರೆದು ಯಜಮಾನರ ಕೈಗೆ ಕೊಟ್ಟಿದ್ದರು. ಮೂರನೇ ಅಂಕದಲ್ಲಿ ಎಲ್ಲೆಲ್ಲಿ ಬೇಕೆಂದು ನಿಲ್ಲುತ್ತಾರೆ, ಎಲ್ಲೆಲ್ಲಿ ಮರೆಯುತ್ತಾರೆ ಎಂದು ಅದರಲ್ಲಿತ್ತು. ಐದು ಮೌನ, ಮೂರು ಮರೆವು. ನನಗೆ ಚೀಟಿ ತೋರಿಸಿರಲಿಲ್ಲ. ಎಡಬದಿಯ ಕುರ್ಚಿಯಲ್ಲಿ ಕೂತೆ. ಐದು ತಿಂಗಳ ಮೇಲೆ. ಅದರ ಒಂದು ಕಾಲು ಈಗಲೂ ಕುಂಟು, ನನ್ನ ಹಾಗೆ.

ಶುರುವಾಯಿತು. ಮೌನ ಬಂತು, ಸುಮ್ಮನಿದ್ದೆ. ಇನ್ನೊಂದು ಬಂತು, ಸುಮ್ಮನಿದ್ದೆ. ಆಮೇಲೆ ಆಕೆ ಕಣ್ಣು ಪಿಳಿಪಿಳಿ ಬಿಟ್ಟು, ಹಣೆ ಒರೆಸಿಕೊಂಡು, ನನ್ನ ಕಡೆ ವಾಲಿದರು. ಭುಜ ಇಳಿದಿರಲಿಲ್ಲ. ಸುಮ್ಮನಿದ್ದೆ. ಹಾಗೆ ಮೂರು ಸಲ. ಮೂರೂ ಸಲ ನಾನು ಬಾಯಿ ಬಿಡಲಿಲ್ಲ. ಯಜಮಾನರು ಚೀಟಿಯ ಮೇಲೆ ಮೂರು ಕಡೆ ತಪ್ಪು ಹಾಕುವ ಪೆನ್ನಿನ ಸದ್ದು ನನಗೆ ಕೇಳಿಸಿತು. ಆದರೂ ಭುಜ ಇಳಿದಿರಲಿಲ್ಲ, ನಾನೇನು ಮಾಡಲಿ?

ಅಂಕದ ಕೊನೆಯಲ್ಲಿ ಒಂದು ಸಾದಾ ಮಾತು. 'ಬಾಗಿಲು ತೆರೆಯಿರಿ' ಎನ್ನಬೇಕು, ಅಷ್ಟೆ. ಅಲ್ಲಿ ಆಕೆ ಕೈ ಎತ್ತಿದರು, ಭುಜ ಜಾರಿತು. "ಬಾಗಿಲು" ಎಂದೆ, ಉಸಿರಿನಷ್ಟು ಮೆಲ್ಲಗೆ. ಆಕೆ ಮಾತು ಎತ್ತಿಕೊಂಡು ಮುಗಿಸಿದರು.

ಯಜಮಾನರು ಎದ್ದು ಬಂದು, "ಕಷ್ಟ ಆಗುತ್ತೆ ಕಣಮ್ಮ. ಮೂರು ಮರೆವಿನಲ್ಲಿ ಒಂದೂ ಹಿಡೀಲಿಲ್ಲ. ಇಲ್ಲದ ಕಡೆ ಒಂದು ಕೊಟ್ರಿ" ಎಂದರು. ನನಗೆ ಪದ ಬೇಗ ಸಿಗಲಿಲ್ಲ. ಯಾರೂ ನಡುವೆ ಬಾಯಿ ಹಾಕಲಿಲ್ಲ, ಪುಣ್ಯ. ಕಡೆಗೆ ಹೇಳಿದೆ: "ಅವರು ಆ ಮೂರು ಕಡೆ ಮರೆತಿಲ್ಲ. ಮರೆತ ಹಾಗೆ ನಟಿಸಿದ್ರು. ನಟನೆ ಮಾಡುವವರಿಗೆ ನಾನು ಮಾತು ಕೊಡೋದಿಲ್ಲ."

ಮಹಾರಾಣಿ ಯಜಮಾನರ ಕೈಯಿಂದ ಚೀಟಿ ಕಿತ್ತುಕೊಂಡರು. "ಬಾಗಿಲು ಅಂದಿದ್ದು ನಿಜ ಕಣ್ರೀ. ನಿಜವಾಗ್ಲೂ ಮರೆತಿದ್ದೆ. ಇವಳು ಕೊಡದಿದ್ರೆ ಇನ್ನೂ ಅಲ್ಲೇ ನಿಂತಿರ್ತಿದ್ದೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಅತ್ತೆ, ಎರಡೂ ಒಟ್ಟಿಗೆ. ಗೆದ್ದೆ ಕಣೋ!

ಸುಳ್ಳು ಹೇಳಬಾರದು. ಆಮೇಲೆ ನಾಲ್ಕನೇ ಅಂಕದಲ್ಲಿ ದಣಿದು ಒಂದು ಕಡೆ ತಡವಾದೆ. ಅದಕ್ಕೇ ನನ್ನ ಷರತ್ತುಗಳನ್ನು ನಾನೇ ಹೇಳಿದೆ: ಮಧ್ಯಾಹ್ನದ ಆಟ ಮಾತ್ರ, ಮೊದಲು ಒಂದು ಗಂಟೆ ನಿದ್ದೆ, ಕುರ್ಚಿಯ ಪಕ್ಕ ಫ್ಯಾನು, ದೊಡ್ಡಕ್ಷರದ ಪ್ರತಿ, ಅದರಲ್ಲಿ ಉಸಿರಿನ ಗುರುತು. ಮೂರು ಮತ್ತು ನಾಲ್ಕನೇ ಅಂಕದ ನಡುವೆ ಹತ್ತು ನಿಮಿಷ ನನ್ನನ್ನು ಯಾರೂ ಮಾತಾಡಿಸಕೂಡದು. ಯಜಮಾನರು ಎಲ್ಲದಕ್ಕೂ ತಲೆಯಾಡಿಸಿದರು. "ಆದ್ರೆ ಜನರ ಮುಂದೆ ಒಂದು ಆಟ ಆಗ್ಲಿ, ಆಮೇಲೆ ಕಾಯಂ ಮಾತು" ಎಂದರು.

ಜೂನ್ 13, ಶನಿವಾರ, ಮಧ್ಯಾಹ್ನ ಮೂರಕ್ಕೆ. ನಿನಗೂ ಪುಟ್ಟಿಗೂ ಐದನೇ ಸಾಲಿನಲ್ಲಿ ಜಾಗ ಇಟ್ಟಿದ್ದೇನೆ. ಬಂದು ಕೂತುಕೋ. ಆಟಕ್ಕೆ ಮೊದಲು ಒಳಗೆ ಬರಬೇಡ, ಸಹಾಯ ಮಾಡಬೇಡ, ನನ್ನ ಕಡೆ ನೋಡಬೇಡ.

ಅಕ್ಕ

*

ಜೂನ್ 15

ಅಕ್ಕ,

ಆಟ ಮುಗಿದ ಮೇಲೆ ನಿನ್ನ ಸುತ್ತ ಅಷ್ಟು ಜನ. ಕೈ ಹಿಡಿದದ್ದು ಬಿಟ್ಟರೆ ಮಾತಾಡಲಾಗಲಿಲ್ಲ. ಬಸ್ಸಿಗೂ ಹೊತ್ತಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಅಂಕದಲ್ಲಿ ಮಹಾರಾಣಿ ನಿಂತಾಗ ನಾನು ಎಣಿಸಿದೆ. ಒಂದು, ಎರಡು, ಮೂರು. ಆರಕ್ಕೆ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಎಂಟಕ್ಕೆ, ದೇವರಾಣೆ, ನಾನೇ ಏನಾದರೂ ಕೂಗಿಬಿಡುತ್ತಿದ್ದೆ. ಪುಟ್ಟಿ ನನ್ನ ತೊಡೆ ಚಿವುಟಿ, "ಅಪ್ಪಾ, ಸುಮ್ನಿರು, ಅವರು ಯೋಚ್ನೆ ಮಾಡ್ತಿದಾರೆ" ಎಂದಳು. ಒಂಬತ್ತಕ್ಕೆ ಆಕೆ ಮಾತಾಡಿದರು. ಪಕ್ಕದಲ್ಲಿದ್ದ ದಪ್ಪ ಮೀಸೆಯವರು ಗೊಳೋ ಎಂದು ಅತ್ತರು. ನಾನೂ ಅತ್ತೆ. ರಾಣಿಗಾಗಿ ಅಲ್ಲ.

ಎರಡೂವರೆ ಗಂಟೆ ಮೈಯೆಲ್ಲ ಕಿವಿಯಾಗಿ ಕೂತಿದ್ದೆ. ನಿನ್ನ ದನಿ ಒಮ್ಮೆಯೂ ಕೇಳಲಿಲ್ಲ. ಅದೃಷ್ಟ ನೋಡು, ಮೊದಲ ಆಟದಲ್ಲೇ ಯಾರೂ ಮಾತು ಮರೆಯಲಿಲ್ಲ. ನಿನಗೆ ಕಷ್ಟವೇ ಬರಲಿಲ್ಲ.

ನಿನ್ನ ವಿಷಯದಲ್ಲಿ ನನ್ನ ವರದಿ ತಪ್ಪಾಗಿತ್ತು ಅಕ್ಕ. ಬರೆದು ಕೊಡುತ್ತಿದ್ದೇನೆ. ಸಹಿ ಹಾಕಿದ್ದೇನೆ.

ತಮ್ಮ

*

ಜೂನ್ 21

ಪ್ರೀತಿಯ ಅಳತೆಪಟ್ಟಿಗೆ,

ಯಾರೂ ಮರೆಯಲಿಲ್ಲವೇ? ಐದು ಸಲ ಮರೆತರು! ಸೇನಾಪತಿ ಎರಡು ಸಲ, ಮಂತ್ರಿ ಒಂದು, ಮಹಾರಾಣಿ ಎರಡು. ಐದೂ ಕೊಟ್ಟೆ. ಐದನೇ ಸಾಲಿನಲ್ಲಿ ಕಿವಿ ನಿಮಿರಿಸಿ ಕೂತವನಿಗೂ ಕೇಳಲಿಲ್ಲವೆಂದರೆ ನನ್ನ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ನೀನು ಅದೃಷ್ಟ ಎಂದು ಬರೆದ ಸಾಲನ್ನು ಮೇಡಂಗೆ ಓದಿ ತೋರಿಸಿದೆ. ಅವಳು ಅದನ್ನು ಬರೆದುಕೊಂಡು ಕೇಂದ್ರದ ಗೋಡೆಗೆ ಅಂಟಿಸಿದ್ದಾಳೆ.

ನೀನು ಎಣಿಸುತ್ತಿದ್ದಾಗ ಒಳಗೆ ಏನಾಗುತ್ತಿತ್ತು ಗೊತ್ತೇ? ಯಜಮಾನರು ನನ್ನ ಬೆನ್ನ ಹಿಂದೆ ನಿಂತು, "ಕೊಡಿ, ಕೊಡಿ, ಮರೆತ್ರು" ಎಂದು ಒದ್ದಾಡುತ್ತಿದ್ದರು. ನನ್ನ ಕಣ್ಣು ಆಕೆಯ ಭುಜದ ಮೇಲಿತ್ತು. ಅಂಗೈ ಎತ್ತಿ ಅವರನ್ನು ತಡೆದೆ. ಒಂಬತ್ತು ಸೆಕೆಂಡು ಇಡೀ ನಾಟಕಶಾಲೆಯಲ್ಲಿ ಹೆದರದೆ ಕೂತವರು ಇಬ್ಬರೇ, ಆಕೆ ಮತ್ತು ನಾನು. ಪುಟ್ಟಿಯನ್ನು ಸೇರಿಸಿದರೆ ಮೂವರು.

ಮೊನ್ನೆ ಸ್ಕ್ಯಾನ್ ಆಯಿತು. ಮಿದುಳಿನಲ್ಲಿ ಒಂದು ಹೊಸ ಕಲೆ ಬಂದಿದೆ. ಮುಚ್ಚಿಡುವುದಿಲ್ಲ, ಇನ್ನು ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ, ನೀನೂ ಮುಚ್ಚಿಡಬೇಡ. ಡಾಕ್ಟರು ಔಷಧಿ ಬದಲಿಸಿದ್ದಾರೆ. ಮೇಡಂ ಅದೇ ದಿನ ಹೊಸ ಪಾಠದ ಪಟ್ಟಿ ಕೊಟ್ಟಳು. ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಪೂರ್ತಿ ಹೆದರಿದೆ. ಮರುದಿನ ಬೆಳಿಗ್ಗೆ ಅಂಕಿ ಕೂಡಿಸಲು ಕೂತೆ.

ಕೆಲಸ ಕಾಯಂ ಆಯಿತು. ಆದರೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇದೆ. ನೀನು ಬಸ್ಸಿಗೆ ಹೋದ ಮೇಲೆ ಎಲ್ಲರೂ ಬಂದು ಹೊಗಳಿದರು. ಪಾಪ, ಎಷ್ಟು ಕಷ್ಟಪಟ್ಟಿರಿ, ನಿಮ್ಮ ಧೈರ್ಯ ಮೆಚ್ಚಬೇಕು. ಆರು ತಿಂಗಳಿಂದ ಇದೇ ಕಣೋ. ಮೆಟ್ಟಿಲು ಹತ್ತಿದರೆ ಹೊಗಳುತ್ತಾರೆ, ಬಟ್ಟೆಗೆ ಗುಂಡಿ ಹಾಕಿದರೆ ಹೊಗಳುತ್ತಾರೆ. ಯಾರೂ ನನ್ನನ್ನು ಬೈದಿರಲಿಲ್ಲ. ಕಾಯಿಲೆಯವಳನ್ನು ಯಾರು ಬೈಯುತ್ತಾರೆ?

ಮಹಾರಾಣಿ ಬಣ್ಣ ಕೂಡ ಒರೆಸಿಕೊಳ್ಳದೆ ದಡದಡ ಬಂದರು. ಎಲ್ಲರೂ ದಾರಿ ಬಿಟ್ಟರು. ಆಕೆ ಸೊಂಟದ ಮೇಲೆ ಕೈಯಿಟ್ಟು, "ಏನೇ, ನಾಲ್ಕನೇದು ಯಾಕೆ ಅಷ್ಟು ಜೋರಾಗಿ ಕೊಟ್ಟೆ? ನಾನೇನು ಕಿವುಡೀನಾ? ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದೀನಿ, ನಿನಗೆ ಇನ್ನೂ ಬುದ್ಧಿ ಬಂದಿಲ್ಲ!" ಎಂದು ಎಲ್ಲರೆದುರು ಹಿಗ್ಗಾಮುಗ್ಗಾ ಬೈದರು.

ನನಗೆ ಆಕೆಯನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು.

ಇವತ್ತು ಮೂರಕ್ಕೆ ಮತ್ತೆ ಆಟವಿದೆ. ನಿದ್ದೆ ಆಯಿತು, ಫ್ಯಾನು ಹಾಕಿದ್ದಾರೆ. ನಾಲ್ಕನೆಯದನ್ನು ಸ್ವಲ್ಪ ಮೆಲ್ಲಗೆ ಕೊಡಬೇಕು.

ನಿನ್ನ ಅಕ್ಕ